ಎರಡು ತಿಂಗಳು ಕಾದು ಹಿಡಿದ ತಾರೀಕು

1949ರ ನವೆಂಬರ್ 26, ಶನಿವಾರ. ದೆಹಲಿಯಲ್ಲಿ ಸಂವಿಧಾನ ಸಭೆ ತನ್ನ ದೊಡ್ಡ ಕೆಲಸವನ್ನು ಮುಗಿಸಿತು. 1946ರ ಡಿಸೆಂಬರ್ 9ರಂದು ಶುರುವಾಗಿ ಸುಮಾರು ಮೂರು ವರ್ಷ ಎಳೆದ ಚರ್ಚೆ, ತಿದ್ದುಪಡಿ, ವಾದ, ಜಗಳಗಳೆಲ್ಲ ಸೇರಿ 395 ವಿಧಿಗಳು ಮತ್ತು 8 ಅನುಸೂಚಿಗಳ ರೂಪ ತಾಳಿದ್ದವು. ಶಾಲೆಗಳಲ್ಲಿ ಮಕ್ಕಳು ಓದುವ ಸಂವಿಧಾನ ಪೀಠಿಕೆಯ ಕೊನೆಯಲ್ಲಿ ಇರುವುದೂ ನವೆಂಬರ್ 26ರ ತಾರೀಕೇ. ಪೌರತ್ವ, ಚುನಾವಣೆ, ತಾತ್ಕಾಲಿಕ ಸಂಸತ್ತು ಇಂಥವಕ್ಕೆ ಸೇರಿದ ಕೆಲವು ವಿಧಿಗಳು ಅಂದೇ ಜಾರಿಗೂ ಬಂದವು. ಉಳಿದ ಸಂವಿಧಾನವನ್ನು ಮಾತ್ರ ಎರಡು ತಿಂಗಳು ತಡೆದಿಟ್ಟರು.

ಆಡಳಿತವನ್ನು ಹೊಸ ಚೌಕಟ್ಟಿಗೆ ಹೊಂದಿಸಲು ಒಂದಿಷ್ಟು ಸಮಯ ಬೇಕಿತ್ತು, ನಿಜ. ಆದರೆ ಡಿಸೆಂಬರ್ 31ಕ್ಕೋ ಜನವರಿ 1ಕ್ಕೋ ನಿಲ್ಲದೆ ಜನವರಿ 26ರವರೆಗೆ ಹೋದದ್ದಕ್ಕೆ ಕಚೇರಿಯ ಕಾರಣ ಯಾವುದೂ ಇರಲಿಲ್ಲ. ಆ ತಾರೀಕಿಗೆ ಆಗಲೇ ಇಪ್ಪತ್ತು ವರ್ಷ ವಯಸ್ಸಾಗಿತ್ತು.

ರಾವಿ ದಂಡೆಯಿಂದ

1928ರ ಡಿಸೆಂಬರ್‌ನಲ್ಲಿ ಕಲ್ಕತ್ತಾ ಕಾಂಗ್ರೆಸ್ ಬ್ರಿಟಿಷ್ ಸರ್ಕಾರಕ್ಕೆ ಒಂದು ವರ್ಷದ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಡೊಮಿನಿಯನ್ ಸ್ಥಾನ ಕೊಡಿ, ಇಲ್ಲವಾದರೆ ನಾವು ಕೇಳುವುದೇ ಬೇರೆ ಎಂಬ ಎಚ್ಚರಿಕೆ ಅದು. ಸಂಪೂರ್ಣ ಸ್ವಾತಂತ್ರ್ಯದ ಬೇಡಿಕೆ ಆಗ ಹುಟ್ಟಿದ್ದೇನೂ ಅಲ್ಲ. 1921ರ ಅಹಮದಾಬಾದ್ ಅಧಿವೇಶನದಲ್ಲೇ ಹಸರತ್ ಮೊಹಾನಿ ಅದನ್ನು ಮುಂದಿಟ್ಟಿದ್ದರು, ಗಾಂಧೀಜಿಯೇ ಅದನ್ನು ಒಪ್ಪಿರಲಿಲ್ಲ. ಎಂಟು ವರ್ಷದಲ್ಲಿ ಕಾಲ ಬದಲಾಗಿತ್ತು. 1929ರ ಅಕ್ಟೋಬರ್ 31ರಂದು ವೈಸರಾಯ್ ಇರ್ವಿನ್ ಡೊಮಿನಿಯನ್ ಸ್ಥಾನದ ಬಗ್ಗೆ ಒಂದು ಮೃದು ಹೇಳಿಕೆ ಹೊರಡಿಸಿದರು. ಅದರಲ್ಲಿ ತಾರೀಕು ಇರಲಿಲ್ಲ. ತಾರೀಕಿಲ್ಲದ ಭರವಸೆಗೆ ಎಷ್ಟು ಬೆಲೆ ಎಂಬುದು ಆ ಹೊತ್ತಿಗೆ ದೇಶಕ್ಕೆ ಗೊತ್ತಾಗಿತ್ತು.

ಗಡುವು ಮುಗಿದದ್ದು 1929ರ ಡಿಸೆಂಬರ್ 31ರ ನಡುರಾತ್ರಿ, ಲಾಹೋರಿನಲ್ಲಿ. ಹಿಂದಿನ ವರ್ಷ ತೀರಿಕೊಂಡಿದ್ದ ಲಾಲಾ ಲಜಪತ ರಾಯರ ಹೆಸರಿನಲ್ಲಿ ಕಟ್ಟಿದ ಲಜಪತ ನಗರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯುತ್ತಿತ್ತು. ಅಧ್ಯಕ್ಷರಾಗಿದ್ದವರು ನಲವತ್ತರ ಜವಾಹರಲಾಲ್ ನೆಹರೂ. ಮಗನಿಗೆ ಅಧಿಕಾರ ಬಿಟ್ಟುಕೊಟ್ಟ ಹಿಂದಿನ ಅಧ್ಯಕ್ಷರು ತಂದೆ ಮೋತಿಲಾಲರೇ. ಪೂರ್ಣ ಸ್ವರಾಜ್ಯದ ನಿರ್ಣಯ ಅಂಗೀಕಾರವಾಯಿತು. ರಾವಿ ನದಿಯ ದಂಡೆಯಲ್ಲಿ, ಪಂಜಾಬಿನ ಕೊರೆಯುವ ಚಳಿಯಲ್ಲಿ, ತ್ರಿವರ್ಣ ಧ್ವಜ ಏರಿತು.

ನಿರ್ಣಯ ಮಾಡಿದ್ದು ಮುಖಂಡರು. ಅದು ಜನರದ್ದೂ ಆಗಬೇಕಿತ್ತಲ್ಲ. 1930ರ ಜನವರಿ 2ರಂದು ಸೇರಿದ ಕಾರ್ಯಕಾರಿ ಸಮಿತಿ, ದೇಶವೆಲ್ಲ ಒಂದೇ ದಿನ ಪ್ರತಿಜ್ಞೆ ತೆಗೆದುಕೊಳ್ಳಬೇಕೆಂದು ಗೊತ್ತುಮಾಡಿತು. ಸಿದ್ಧತೆಗೆ ಮೂರು ವಾರವಾದರೂ ಬೇಕು, ಜನ ಸೇರಲು ರಜೆಯ ದಿನ ಬೇಕು. ತಿಂಗಳ ಕೊನೆಯ ಭಾನುವಾರ ಸಿಕ್ಕಿತು. ಅದೇ ಜನವರಿ 26. ನಮ್ಮ ಗಣರಾಜ್ಯದ ದಿನ ಗೊತ್ತಾದದ್ದರ ಹಿಂದೆ ಮುಹೂರ್ತವಿಲ್ಲ, ನಕ್ಷತ್ರವಿಲ್ಲ, ಯಾವ ಗೆಲುವಿನ ನೆನಪೂ ಇಲ್ಲ. ಭಾನುವಾರವಾದರೆ ಕೂಲಿಯವನೂ ಗುಮಾಸ್ತನೂ ಶಾಲೆಯ ಹುಡುಗನೂ ಬಯಲಿಗೆ ಬಂದು ನಿಲ್ಲಬಲ್ಲರು. ನನಗೆ ಈ ದಿನದ ಬಗ್ಗೆ ಅತಿ ಇಷ್ಟವಾದ ಸಂಗತಿ ಇದು.

ಪ್ರತಿಜ್ಞೆಯ ಕರಡಿನಲ್ಲಿ ಬಹುಪಾಲು ಗಾಂಧೀಜಿಯ ಕೈಯಿತ್ತು. ಪರಕೀಯ ಆಳ್ವಿಕೆ ಈ ದೇಶವನ್ನು ಹಣಕಾಸಿನಲ್ಲಿ, ರಾಜಕೀಯದಲ್ಲಿ, ಸಂಸ್ಕೃತಿಯಲ್ಲಿ, ಆತ್ಮಬಲದಲ್ಲಿ ಹೇಗೆ ಹಾಳುಗೆಡವಿದೆ ಎಂದು ಅದು ಒಂದೊಂದಾಗಿ ಎಣಿಸುತ್ತಿತ್ತು. ಭೂಕಂದಾಯ, ಉಪ್ಪಿನ ತೆರಿಗೆ, ಹಾಳಾದ ಕೈನೂಲು, ಕಸಿದುಕೊಂಡ ಆಯುಧ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಅಂದು ಭಾಷಣ ಬೇಡ ಎಂಬುದು ಗಾಂಧೀಜಿಯ ಸೂಚನೆ. ಧ್ವಜ ಏರಿಸಿ, ಪ್ರತಿಜ್ಞೆಯನ್ನು ಊರಿನ ಭಾಷೆಯಲ್ಲಿ ಓದಿ, ಒಪ್ಪುವವರು ಕೈಯೆತ್ತಲಿ, ಉಳಿದ ಹೊತ್ತು ನೂಲುವುದಕ್ಕೋ ಬೇರಾವುದಾದರೂ ರಚನಾತ್ಮಕ ಕೆಲಸಕ್ಕೋ ಇರಲಿ. ಇಂದಿನ ಜನವರಿ 26ರ ವೇದಿಕೆಗಳಲ್ಲಿ ಅತಿಥಿಗಳ ಮಾತು ಮುಗಿಯುವಷ್ಟರಲ್ಲಿ ಬಿಸಿಲಿಗೆ ನಿಂತ ಮಕ್ಕಳು ತಲೆಸುತ್ತಿ ಬೀಳುವುದನ್ನು ನೋಡಿದವರಿಗೆ ಆ ಸೂಚನೆಯ ಜಾಣತನ ಗೊತ್ತಾಗುತ್ತದೆ.

ಅಂದು ದೇಶ ತೋರಿದ ಶಿಸ್ತು ಗಾಂಧೀಜಿಗೆ ಮುಂದಿನ ಹೆಜ್ಜೆಯ ಧೈರ್ಯ ಕೊಟ್ಟಿತು. ಆರು ವಾರ ಕಳೆದು, ಮಾರ್ಚ್ 12ರಂದು 78 ಮಂದಿಯ ತಂಡ ಸಾಬರಮತಿಯಿಂದ ದಂಡಿಯತ್ತ ಹೊರಟಿತು. ಆ ತಂಡದಲ್ಲಿದ್ದ ಕನ್ನಡಿಗ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ. ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪು ಕುದಿಯಿತು. ಹದಿಮೂರು ವರ್ಷದ ಮೇಲೆ ಹೊಸರಿತ್ತಿಯಲ್ಲಿ ಮಹಾದೇವ ಗುಂಡಿಗೆ ಬಲಿಯಾದರು.

1930ರಿಂದ 1947ರವರೆಗೆ ಕಾಂಗ್ರೆಸ್ಸಿನವರಿಗೆ ಸ್ವಾತಂತ್ರ್ಯ ದಿನವೆಂದರೆ ಜನವರಿ 26. ಜೈಲಿನ ಒಳಗೂ ಅದನ್ನು ಆಚರಿಸುತ್ತಿದ್ದರು. ಹೊರಗೆ ಆಚರಿಸಿದ್ದಕ್ಕೇ ಜೈಲಿಗೆ ಹೋದವರೂ ಇದ್ದರು. ಸ್ವಾತಂತ್ರ್ಯ ನಿಜವಾಗಿ ಕೈಗೆ ಬಂದಾಗ ದಿನ ಮಾತ್ರ ಬದಲಾಯಿತು. ಆಗಸ್ಟ್ 15ನ್ನು ಗೊತ್ತುಮಾಡಿದವರು ಮೌಂಟ್‌ಬ್ಯಾಟನ್. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶರಣಾದ ದಿನವದು, ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕರಾಗಿದ್ದ ಅವರಿಗೆ ಅದರ ಮೇಲೆ ಅಭಿಮಾನ. ನಮ್ಮ ಎರಡು ರಾಷ್ಟ್ರೀಯ ಹಬ್ಬಗಳಲ್ಲಿ ಒಂದರ ದಿನ ಕೊನೆಯ ವೈಸರಾಯನ ಆಯ್ಕೆ, ಇನ್ನೊಂದರದು ನಮ್ಮದೇ ಆಯ್ಕೆ. ನಾವೇ ಆರಿಸಿದ ದಿನ ಕ್ಯಾಲೆಂಡರಿನಿಂದ ಜಾರಿಹೋಗದಂತೆ ಸಂವಿಧಾನ ಸಭೆ ಎರಡು ತಿಂಗಳು ಕಾದದ್ದು ಸರಿಯಾಗಿತ್ತು ಎಂದೇ ನನಗನ್ನಿಸುತ್ತದೆ.

ನಂದಗಡದ ಆಲದಡಿ

ಮೊದಲ ಪ್ರತಿಜ್ಞೆಗೆ ಸರಿಯಾಗಿ ಒಂದು ವರ್ಷವಾದ ದಿನ, 1931ರ ಜನವರಿ 26ರಂದು, ಗಾಂಧೀಜಿ ಯರವಡಾ ಜೈಲಿನಿಂದ ಷರತ್ತಿಲ್ಲದೆ ಹೊರಬಂದರು. ಬಿಡುಗಡೆಯ ಆಜ್ಞೆ ಇರ್ವಿನ್‌ರದು. ನೆಹರೂ ಕೂಡ ಅಂದೇ ನೈನಿ ಜೈಲಿನಿಂದ ಬಿಡುಗಡೆಯಾಗಿ ಸಾವಿನಂಚಿನಲ್ಲಿದ್ದ ತಂದೆಯ ಬಳಿಗೆ ಓಡಿದರು.

ಅದಕ್ಕೂ ಸರಿಯಾಗಿ ನೂರು ವರ್ಷ ಹಿಂದೆ, 1831ರ ಜನವರಿ 26ರಂದು, ಬೆಳಗಾವಿ ಸೀಮೆಯ ನಂದಗಡದಲ್ಲಿ ಕಂಪನಿ ಸರ್ಕಾರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿತ್ತು.

ಕಿತ್ತೂರಿನ ಕತೆ ಗೊತ್ತಿದ್ದದ್ದೇ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಪಡೆ ಬಂದು ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡರು. ರಾಯಣ್ಣ ಕಿತ್ತೂರಿನ ಶೇತಸನದಿ, ಅಂದರೆ ಊರ ಕಾವಲಿನ ಕೆಲಸಕ್ಕೆ ಪ್ರತಿಯಾಗಿ ಹೊಲ ಉಂಬಳಿ ಪಡೆದಿದ್ದವನು. ರಾಣಿಯ ದತ್ತುಮಗ ಶಿವಲಿಂಗಪ್ಪನನ್ನು ಗದ್ದುಗೆಗೆ ಕೂರಿಸಬೇಕೆಂದು ಅವನು ಕಟ್ಟಿದ ಪಡೆಯಲ್ಲಿ ಅರಮನೆಯ ಸರದಾರರು ಇರಲಿಲ್ಲ, ಹಳ್ಳಿಯ ರೈತರೂ ಕಾವಲುಗಾರರೂ ಇದ್ದರು. ಅವರು ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟರು. ಖಜಾನೆ ದೋಚಿದರು. ಕಂದಾಯದ ಕಾಗದಗಳನ್ನು ಸುಟ್ಟರು. ಕಾಗದ ಸುಟ್ಟದ್ದನ್ನು ಕಡೆಗಣಿಸುವ ಹಾಗಿಲ್ಲ. ಬೆಳೆಯಲಿ ಬಿಡಲಿ ವಸೂಲಿಗೆ ನಿಲ್ಲುವ ಹೊಸ ಕಂದಾಯ ಪದ್ಧತಿಯ ಜೀವ ಇದ್ದದ್ದು ಆ ಕಾಗದಗಳಲ್ಲೇ.

1830ರ ಏಪ್ರಿಲ್‌ನಲ್ಲಿ ಅವನು ಸಿಕ್ಕಿಬಿದ್ದ. ನಂಬಿದವರೇ ಹಿಡಿದುಕೊಟ್ಟರು, ಹಳ್ಳದಲ್ಲಿ ಮೀಯುತ್ತಿದ್ದಾಗ ಕತ್ತಿಯನ್ನು ಕೈಗೆ ಸಿಗದಂತೆ ಮಾಡಿದರು ಎಂದು ಲಾವಣಿಗಳು ಹಾಡುತ್ತವೆ. ನಂದಗಡದ ಹೊರಗೆ ಗಲ್ಲಾಯಿತು. ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ಹೆಂಗಸರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು ಎನ್ನುತ್ತಾರೆ. ಹುಟ್ಟು ಸ್ವಾತಂತ್ರ್ಯ ದಿನ, ಸಾವು ಗಣರಾಜ್ಯ ದಿನ ಎಂಬ ಮಾತನ್ನು ಉತ್ತರ ಕರ್ನಾಟಕದ ಪ್ರತಿ ಭಾಷಣಕಾರನೂ ಹೇಳುತ್ತಾನೆ, ಕೇಳಿದವರ ಮೈ ಜುಮ್ಮೆನ್ನುತ್ತದೆ. ಗಲ್ಲಿನ ದಿನದ ಬಗ್ಗೆ ತಕರಾರಿಲ್ಲ. ಆದರೆ ಹದಿನೆಂಟನೇ ಶತಮಾನದ ಹಳ್ಳಿಯೊಂದರಲ್ಲಿ ಕೂಸು ಹುಟ್ಟಿದ ದಿನವನ್ನು ಇಂಗ್ಲಿಷ್ ತಾರೀಕಿನಲ್ಲಿ ಬರೆದಿಡುವ ಪದ್ಧತಿ ಎಲ್ಲಿತ್ತು? ಆಗಸ್ಟ್ 15ನ್ನು ಜನರ ಪ್ರೀತಿ ಉಳಿಸಿಕೊಂಡು ಬಂದ ನಂಬಿಕೆಯೆಂದು ತೆಗೆದುಕೊಂಡರೆ ಸಾಕು. ಹಾಗೆಯೇ 1930ರಲ್ಲಿ ತಾರೀಕು ಗೊತ್ತುಮಾಡಿದವರಿಗೆ ನಂದಗಡದ ನೆನಪಿತ್ತು ಎನ್ನಲು ಯಾವ ಆಧಾರವೂ ಇಲ್ಲ. ಎರಡೂ ಒಂದೇ ದಿನಕ್ಕೆ ಬಂದದ್ದು ಕಾಕತಾಳೀಯ. ಹಾಗೆಂದು ಒಪ್ಪಿಕೊಂಡರೆ ರಾಯಣ್ಣನ ಎತ್ತರ ಒಂದು ಗೇಣೂ ಕಡಿಮೆಯಾಗುವುದಿಲ್ಲ.

ಗುರುವಾರದ ಬೆಳಗ್ಗೆ

1950ರ ಜನವರಿ 26 ಗುರುವಾರ. ಅದಕ್ಕೆ ಎರಡು ದಿನ ಮುಂಚೆ, 24ರಂದು, ಸಂವಿಧಾನ ಸಭೆಯ ಸದಸ್ಯರು ಕೈಬರಹದ ಪ್ರತಿಗಳಿಗೆ ಸಹಿ ಹಾಕಿದ್ದರು, ಜನಗಣಮನ ರಾಷ್ಟ್ರಗೀತೆಯಾಗಿತ್ತು, ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾಗಿ ಆಯ್ಕೆಯಾಗಿದ್ದರು. ಸಹಿ ಹಾಕಿದವರಲ್ಲಿ ಮೈಸೂರಿನ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಇದ್ದರು, ಮುಂಬಯಿ ಕರ್ನಾಟಕದ ಎಸ್. ನಿಜಲಿಂಗಪ್ಪ ಇದ್ದರು. ಕರಡಿನ ಮೂಲ ಚೌಕಟ್ಟನ್ನು ಹಾಕಿಕೊಟ್ಟ ಸಂವಿಧಾನ ಸಲಹೆಗಾರ ಬೆನೆಗಲ್ ನರಸಿಂಗ ರಾಯರು ಮಂಗಳೂರಿನವರು. ಅವರು ಸಭೆಯ ಸದಸ್ಯರಲ್ಲವಾದ್ದರಿಂದ ಸಹಿಗಳ ನಡುವೆ ಅವರ ಹೆಸರು ಸಿಗುವುದಿಲ್ಲ.

ಬೆಳಗ್ಗೆ 10 ಗಂಟೆ 18 ನಿಮಿಷಕ್ಕೆ ಗವರ್ನ್‌ಮೆಂಟ್ ಹೌಸಿನ ದರ್ಬಾರ್ ಹಾಲಿನಲ್ಲಿ ಕೊನೆಯ ಗವರ್ನರ್ ಜನರಲ್ ರಾಜಾಜಿ ಗಣರಾಜ್ಯದ ಘೋಷಣೆ ಓದಿದರು. ಅದಾಗಿ ಕೆಲವೇ ನಿಮಿಷಕ್ಕೆ ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕಣಿಯಾ ರಾಷ್ಟ್ರಪತಿಗೆ ಪ್ರಮಾಣವಚನ ಬೋಧಿಸಿದರು. 31 ಕುಶಾಲತೋಪು ಹಾರಿದವು. ಮಧ್ಯಾಹ್ನ ರಾಷ್ಟ್ರಪತಿಗಳು ಸಾರೋಟಿನಲ್ಲಿ ಹೊರಟದ್ದು ಕ್ರೀಡಾಂಗಣವೊಂದಕ್ಕೆ. ಮೊದಲ ಪೆರೇಡ್ ಅಲ್ಲಿ ನಡೆಯಿತು, ಇಂಡೊನೇಷ್ಯಾದ ಸುಕಾರ್ನೊ ಅತಿಥಿ. ಕ್ರೀಡಾಂಗಣದ ಹೆಸರು ಕೇಳಿದರೆ ನಗು ಬರುತ್ತದೆ: ಇರ್ವಿನ್ ಸ್ಟೇಡಿಯಂ. ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮೊದಲ ಬಾರಿಗೆ ಕೇಳಿಬಂದಾಗ ಗದ್ದುಗೆಯಲ್ಲಿ ಕೂತಿದ್ದವರ ಹೆಸರಿನ ಜಾಗದಲ್ಲೇ ಆ ಪ್ರತಿಜ್ಞೆ ಕೈಗೂಡಿದ ಹಬ್ಬ! ಮುಂದೆ ಅದು ನ್ಯಾಷನಲ್ ಸ್ಟೇಡಿಯಂ ಆಯಿತು, ಈಗ ಧ್ಯಾನ್‌ಚಂದರ ಹೆಸರಿನಲ್ಲಿದೆ. ಪೆರೇಡ್ ರಾಜಪಥಕ್ಕೆ ಬಂದು ನೆಲೆಯೂರಿದ್ದು 1955ರಲ್ಲಿ. ಆ ವರ್ಷದ ಮುಖ್ಯ ಅತಿಥಿ ಪಾಕಿಸ್ತಾನದ ಗವರ್ನರ್ ಜನರಲ್ ಮಲಿಕ್ ಗುಲಾಂ ಮುಹಮ್ಮದ್, ಪೂರ್ಣ ಸ್ವರಾಜ್ಯದ ನಿರ್ಣಯವಾದ ಲಾಹೋರಿನಲ್ಲೇ ಹುಟ್ಟಿದವರು. ಇಂದು ಇದನ್ನು ಹೇಳಿದರೆ ನಂಬುವವರು ಕಡಿಮೆ.

ಇತ್ತ ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರು 1949ರ ನವೆಂಬರ್ 25ರಂದೇ ಭಾರತದ ಸಂವಿಧಾನವನ್ನು ಸಂಸ್ಥಾನಕ್ಕೆ ಅನ್ವಯಿಸಿ ಘೋಷಣೆ ಹೊರಡಿಸಿದ್ದರು. ಜನವರಿ 26ರಿಂದ ಅವರು ಮಹಾರಾಜರಾಗಿ ಆಳುವವರಲ್ಲ, ರಾಜಪ್ರಮುಖರು. ಆದರೆ ಕನ್ನಡಿಗರೆಲ್ಲ ಅಂದು ಒಂದೇ ಮನೆಯವರಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರು ಮುಂಬಯಿ ರಾಜ್ಯದಲ್ಲಿದ್ದರು. ಮಂಗಳೂರು, ಬಳ್ಳಾರಿಯವರು ಮದ್ರಾಸಿನಲ್ಲಿ. ಕಲಬುರಗಿ, ಬೀದರ್, ರಾಯಚೂರಿನವರಿಗೆ ರಾಜಪ್ರಮುಖ ಹೈದರಾಬಾದಿನ ನಿಜಾಮ. ಕೊಡಗು ಸ್ವಂತವಾಗಿ ಒಂದು ಸಣ್ಣ ‘ಸಿ’ ದರ್ಜೆ ರಾಜ್ಯ. ಹೀಗೆ ಐದು ಆಡಳಿತಗಳಲ್ಲಿ ಚೆದುರಿಹೋಗಿದ್ದವರು ಒಂದೇ ದಿನ ಒಂದೇ ಗಣರಾಜ್ಯದ ಪ್ರಜೆಗಳಾದರು. ಒಂದು ರಾಜ್ಯದವರಾಗಲು ಇನ್ನೂ ಆರು ವರ್ಷ, ಒಂಬತ್ತು ತಿಂಗಳು ಬೇಕಾಯಿತು.

ಆ ಸಂವಿಧಾನದೊಳಗೆ ಇನ್ನೊಂದು ಜನವರಿ 26 ಹುದುಗಿತ್ತು. ಕೇಂದ್ರದ ಆಡಳಿತದಲ್ಲಿ ಇಂಗ್ಲಿಷ್ ಹದಿನೈದು ವರ್ಷ ಮಾತ್ರ, ಆಮೇಲೆ ಹಿಂದಿ ಎಂಬ ವಿಧಿಯ ಗಡುವು ಮುಗಿಯುವುದು 1965ರ ಜನವರಿ 26ಕ್ಕೆ. ಮದ್ರಾಸಿನಲ್ಲಿ ಅಣ್ಣಾದೊರೈ ಆ ದಿನವನ್ನು ಶೋಕದಿನವಾಗಿ ಆಚರಿಸಲು ಕರೆಕೊಟ್ಟರು. ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರುಗಳಾದವು, ಮೈಗೆ ಬೆಂಕಿ ಹಚ್ಚಿಕೊಂಡು ಸತ್ತವರಿದ್ದರು. ಪ್ರಧಾನಿ ಶಾಸ್ತ್ರಿಯವರು ಭರವಸೆ ಕೊಡಬೇಕಾಯಿತು, 1967ರಲ್ಲಿ ಅಧಿಕೃತ ಭಾಷಾ ಕಾಯ್ದೆಗೆ ತಿದ್ದುಪಡಿಯಾಯಿತು. ದೆಹಲಿಯಲ್ಲಿ ಕೂತು ಗುರುತು ಹಾಕಿದ ತಾರೀಕು ಎಲ್ಲ ಊರಿಗೂ ಹಬ್ಬವಾಗಲೇಬೇಕೆಂದಿಲ್ಲ.

ಅದೇ ದಿನ, ಅವರ ಶೋಕ

1950ರಲ್ಲಿ ರಾಜೇಂದ್ರ ಪ್ರಸಾದರ ಸಾರೋಟು ಎಳೆದದ್ದು ಆರು ಆಸ್ಟ್ರೇಲಿಯನ್ ಕುದುರೆಗಳು. ಬ್ರಿಟಿಷ್ ಭಾರತದ ಅಶ್ವದಳಕ್ಕೆ ನ್ಯೂ ಸೌತ್ ವೇಲ್ಸ್‌ನಿಂದ ಹಡಗುಗಟ್ಟಲೆ ಕುದುರೆ ಬರುತ್ತಿದ್ದ ಕಾಲದ ಪಳೆಯುಳಿಕೆ ಅದು. ಆ ನ್ಯೂ ಸೌತ್ ವೇಲ್ಸ್ ಹುಟ್ಟಿದ್ದೂ ಜನವರಿ 26ರಂದೇ.

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಿಟ್ಟ 11 ಹಡಗುಗಳಲ್ಲಿ ಏಳುನೂರಕ್ಕೂ ಹೆಚ್ಚು ಕೈದಿಗಳಿದ್ದರು. ಜನವರಿಯಲ್ಲಿ ಬಾಟನಿ ಬೇ ತಲುಪಿದ ಕ್ಯಾಪ್ಟನ್ ಆರ್ಥರ್ ಫಿಲಿಪ್‌ಗೆ ಆ ಜಾಗ ಹಿಡಿಸಲಿಲ್ಲ, ಸಿಹಿನೀರೂ ಸಾಲದು. ಉತ್ತರಕ್ಕೆ ಸರಿದು ಇಂದಿನ ಸಿಡ್ನಿಯ ಕೊಲ್ಲಿಯಲ್ಲಿ ಇಳಿದು 1788ರ ಜನವರಿ 26ರಂದು ಬ್ರಿಟಿಷ್ ಬಾವುಟ ನೆಟ್ಟರು. ಅಲ್ಲಿ ಜನರೇ ಇಲ್ಲ ಎಂಬಂತೆ ನೆಟ್ಟರು. ಹತ್ತಾರು ಸಾವಿರ ವರ್ಷಗಳಿಂದ ಆ ನೆಲದಲ್ಲಿ ಬದುಕಿದ್ದವರನ್ನು ಯಾರೂ ಕೇಳಲಿಲ್ಲ.

1938ರಲ್ಲಿ ಬಿಳಿಯ ಆಸ್ಟ್ರೇಲಿಯಾ 150ನೇ ವರ್ಷದ ಮೆರವಣಿಗೆ ತೆಗೆದಾಗ, ಸಿಡ್ನಿಯ ಆಸ್ಟ್ರೇಲಿಯನ್ ಹಾಲಿನಲ್ಲಿ ಮೂಲನಿವಾಸಿಗಳು ಸೇರಿ ಅದನ್ನು ಶೋಕದಿನವೆಂದರು. ಪೂರ್ಣ ಪೌರಹಕ್ಕು ಬೇಕೆಂದು ನಿರ್ಣಯ ಮಾಡಿದರು. ಜಾಕ್ ಪ್ಯಾಟನ್, ವಿಲಿಯಂ ಫರ್ಗುಸನ್, ವಿಲಿಯಂ ಕೂಪರ್ ಮುಂದಾಳುಗಳು. 1988ರಲ್ಲಿ 200ನೇ ವರ್ಷದ ಹಬ್ಬದ ದಿನ ಸಿಡ್ನಿಯಲ್ಲಿ ನಡೆದ ಪ್ರತಿಭಟನೆಗೆ ಹತ್ತಾರು ಸಾವಿರ ಜನ ಬಂದರು. ಎಲ್ಲ ರಾಜ್ಯಗಳಲ್ಲೂ ಜನವರಿ 26ಕ್ಕೇ ರಜೆ ಎಂದು ಒಂದಾದದ್ದು 1994ರಲ್ಲಿ, ಅಂದರೆ ತೀರ ಈಚೆಗೆ. ಇದನ್ನು ‘ದಾಳಿಯ ದಿನ’ ಎನ್ನುವವರೂ ‘ತಾರೀಕು ಬದಲಿಸಿ’ ಎನ್ನುವವರೂ ವರ್ಷದಿಂದ ವರ್ಷಕ್ಕೆ ದನಿಯೇರಿಸುತ್ತಿದ್ದಾರೆ. ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡಿಗರಿಗೆ ಅಂದು ರಜೆಯೂ ಹೌದು, ಬೆಳಗ್ಗೆ ಭಾರತದ ಧ್ವಜವಂದನೆಯೂ ಹೌದು. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಮೂಲನಿವಾಸಿಗಳ ಮೆರವಣಿಗೆ. ವಸಾಹತು ಆಳ್ವಿಕೆಯನ್ನು ಧಿಕ್ಕರಿಸಿದ ದಿನವನ್ನು ಆಚರಿಸುವವರು ಆ ಮೆರವಣಿಗೆಯತ್ತ ಒಮ್ಮೆ ಕಣ್ಣು ಹಾಯಿಸುವುದು ನ್ಯಾಯ.

ಹಾಂಕಾಂಗ್ ದ್ವೀಪದಲ್ಲಿ ಬ್ರಿಟಿಷರು ವಿಧ್ಯುಕ್ತವಾಗಿ ಬಾವುಟ ಏರಿಸಿದ್ದು 1841ರ ಜನವರಿ 26ರಂದು. ಸುಡಾನಿನ ಖಾರ್ಟೂಮಿನಲ್ಲಿ ಮೆಹದಿಯ ಸೈನಿಕರು ಜನರಲ್ ಗಾರ್ಡನ್‌ನನ್ನು ಕೊಂದು ಅದೇ ಸಾಮ್ರಾಜ್ಯಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು 1885ರ ಜನವರಿ 26ರಂದು. ಅವನನ್ನು ಬಿಡಿಸಲು ಹೊರಟ ಪಡೆ ಎರಡು ದಿನ ತಡವಾಗಿ ಮುಟ್ಟಿತು.

ಸಾಕ್ಷಿಯಿಲ್ಲದ ಭೂಕಂಪ, ತಾರೀಕಿಲ್ಲದ ಯುದ್ಧ

ಈ ದಿನದ ಅತಿ ಸೋಜಿಗದ ಕತೆ ಅಮೆರಿಕ ಖಂಡದ ಪಶ್ಚಿಮ ಕರಾವಳಿಯದು. ವ್ಯಾಂಕೂವರ್ ದ್ವೀಪದಿಂದ ಉತ್ತರ ಕ್ಯಾಲಿಫೋರ್ನಿಯಾವರೆಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದಕ್ಕೆ, ಹುವಾನ್ ಡಿ ಫ್ಯೂಕಾ ಎಂಬ ಭೂಫಲಕ ಖಂಡದ ಅಡಿಗೆ ಸರಿಯುತ್ತಿದೆ. ಅಲ್ಲಿ 1700ರ ಜನವರಿ 26ರ ರಾತ್ರಿ ಸುಮಾರು 9 ಗಂಟೆಗೆ 9ರ ಆಸುಪಾಸಿನ ತೀವ್ರತೆಯ ಭೂಕಂಪವಾಯಿತು. ಆಗ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ. ಆ ಅಮೆರಿಕದ ಕರೆಯಲ್ಲಿ ಕಾಗದದ ಮೇಲೆ ಬರೆದಿಡುವವರು ಒಬ್ಬರೂ ಇರಲಿಲ್ಲ. ಹಾಗಿದ್ದ ಮೇಲೆ ತಾರೀಕು, ಗಂಟೆ ಎಲ್ಲ ಗೊತ್ತಾದದ್ದು ಹೇಗೆ?

ಮೊದಲು ಸಿಕ್ಕಿದ್ದು ಮರಗಳ ಸಾಕ್ಷಿ. ವಾಷಿಂಗ್ಟನ್ ರಾಜ್ಯದ ಅಳಿವೆಗಳಲ್ಲಿ ಉಪ್ಪುನೀರಿನಲ್ಲಿ ನಿಂತ ಸತ್ತ ದೇವದಾರು ತೋಪುಗಳಿವೆ. ಭೂಮಿ ಒಮ್ಮೆಲೇ ಕುಸಿದು ಸಮುದ್ರ ಒಳನುಗ್ಗಿ ಕೊಂದ ಮರಗಳು ಎಂದು ಬ್ರಯನ್ ಅಟ್‌ವಾಟರ್ ಮುಂತಾದ ಭೂವಿಜ್ಞಾನಿಗಳು ತೋರಿಸಿದರು. ಬೇರಿನ ಉಂಗುರಗಳನ್ನು ಎಣಿಸಿದಾಗ, 1699ರ ಬೆಳವಣಿಗೆ ಮುಗಿದ ಮೇಲೆ, 1700ರ ಬೆಳವಣಿಗೆ ಶುರುವಾಗುವ ಮುಂಚೆ ಅವು ಸತ್ತಿವೆ ಎಂಬುದು ಗೊತ್ತಾಯಿತು. ಆ ಚಳಿಗಾಲದ ಯಾವ ದಿನ ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಪೆಸಿಫಿಕ್ ಸಾಗರದ ಆಚೆ ದಡದಲ್ಲಿ. ಜಪಾನಿನ ಮಿಯಾಕೊ ಮುಂತಾದ ಕರಾವಳಿ ಊರುಗಳಲ್ಲಿ, ಗೆನ್ರೋಕು ಶಕೆಯ 12ನೇ ವರ್ಷದ ಕೊನೆಯ ತಿಂಗಳ ಒಂದು ರಾತ್ರಿ, ನೆಲ ಚೂರೂ ನಡುಗದೆ ಸಮುದ್ರ ಉಕ್ಕಿ ಮನೆಗಳನ್ನು ಕೊಚ್ಚಿದ್ದನ್ನು ಅಲ್ಲಿನ ಅಧಿಕಾರಿಗಳೂ ವರ್ತಕರೂ ಬರೆದಿಟ್ಟಿದ್ದರು. ತಾಯಿ ಭೂಕಂಪ ಯಾವುದೆಂದು ತಿಳಿಯದ ಅದನ್ನು ‘ಅನಾಥ ಸುನಾಮಿ’ ಎನ್ನುತ್ತಿದ್ದರು. ಅಲೆ ಅಷ್ಟು ದೂರ ಬರಲು ಹಿಡಿಯುವ ಸುಮಾರು ಹತ್ತು ಗಂಟೆಯನ್ನು ಹಿಂದಕ್ಕೆ ಲೆಕ್ಕ ಹಾಕಿ, 1996ರಲ್ಲಿ ಕೆಂಜಿ ಸತಾಕೆ ಮತ್ತು ಸಂಗಡಿಗರು ಜನವರಿ 26ರ ರಾತ್ರಿಯನ್ನು ಹಿಡಿದುಕೊಟ್ಟರು. ವ್ಯಾಂಕೂವರ್ ದ್ವೀಪದ ಹುಆಯಾತ್ ಜನರು, ಚಳಿಗಾಲದ ರಾತ್ರಿಯ ನಡುಕ ಮತ್ತು ಅಲೆಗೆ ಪಚೀನಾ ಕೊಲ್ಲಿಯ ತಮ್ಮವರೆಲ್ಲ ಹೋದರೆಂದು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು. ವಿಜ್ಞಾನಿಗಳು ಕೇಳಿಸಿಕೊಂಡದ್ದು ಕೊನೆಗೆ.

ಒಂದು ತಮಾಷೆಯನ್ನೂ ಹೇಳಬೇಕು. ಆಗಿನ ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು, ಲಂಡನ್ನಿನ ಗೋಡೆಯ ಮೇಲೆ ಅದು ಜನವರಿ 16. ತಾರೀಕು ಎಷ್ಟು ಗಟ್ಟಿಯಾಗಿ ಕಂಡರೂ ಯಾರ ಪಂಚಾಂಗ ಎಂದು ಕೇಳಿಕೊಳ್ಳಲೇಬೇಕು.

ಇದನ್ನು ನಮ್ಮ ನಾಡಿನ ಅತಿ ದೊಡ್ಡ ಸೋಲಿನ ಪಕ್ಕದಲ್ಲಿಟ್ಟು ನೋಡಿ. ಕೃಷ್ಣೆಯ ದಂಡೆಯಲ್ಲಿ ರಕ್ಕಸಗಿ, ತಂಗಡಗಿ ಊರುಗಳ ಬಳಿ ವಿಜಯನಗರದ ಅಳಿಯ ರಾಮರಾಯ ದಖನಿನ ಸುಲ್ತಾನರ ಕೂಟಕ್ಕೆ ಸೋತು ತಲೆ ಕಳೆದುಕೊಂಡ ಯುದ್ಧ. ಬರೆದವರಿಗೆ ಕೊರತೆಯಿಲ್ಲ, ಫಾರಸಿಯಲ್ಲೂ ಪೋರ್ಚುಗೀಸರಲ್ಲೂ ಬರಹಗಳಿವೆ. 1565ರ ಜನವರಿ ಎಂಬಲ್ಲಿಗೆ ಸಾಮಾನ್ಯವಾಗಿ ಒಪ್ಪಿಗೆ. ಕೆಲವು ಪುಸ್ತಕಗಳು 23 ಎನ್ನುತ್ತವೆ, ಕೆಲವು 26. ಹಿಜರಿಯಿಂದ ಇಂಗ್ಲಿಷ್ ತಾರೀಕಿಗೆ ಬದಲಿಸುವಾಗ ಇಂಥ ತೊಡಕು ಹೊಸದಲ್ಲ. ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ತಂದರೆ ಇನ್ನೂ ಹತ್ತು ದಿನ ಸರಿದು ಅದು ಫೆಬ್ರುವರಿಗೆ ಹೋಗುತ್ತದೆ. ಸಾಮ್ರಾಜ್ಯವೊಂದು ಮುರಿದ ದಿನ ಯಾವುದೆಂದು ನಾವಿನ್ನೂ ತಕ್ಕಡಿ ಹಿಡಿದಿರುವಾಗ, ಓದುಬರಹವಿಲ್ಲದ ಕರಾವಳಿಯ ಭೂಕಂಪಕ್ಕೆ ಗಂಟೆಯ ಲೆಕ್ಕ ಸಿಕ್ಕಿದೆ. ಜನವರಿ 26ರ ಪಟ್ಟಿಗೆ ರಕ್ಕಸತಂಗಡಿಯನ್ನು ಸೇರಿಸುವ ಆತುರ ನನಗಿಲ್ಲ.

8 ಗಂಟೆ 46 ನಿಮಿಷ

2001ರ ಜನವರಿ 26ರ ಬಗ್ಗೆ ಯಾವ ಅನುಮಾನವೂ ಇಲ್ಲ, ಆ ಬೆಳಗನ್ನು ಟಿವಿಯ ಮುಂದೆ ಕಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. 8 ಗಂಟೆ 46 ನಿಮಿಷಕ್ಕೆ ಕಛ್‌ನ ಭಚಾವು ಬಳಿ ನೆಲ ಅದುರಿತು. ತೀವ್ರತೆ 7.7. ಭುಜ್, ಅಂಜಾರ್, ಭಚಾವು, ರಾಪರ್ ನೆಲಕಚ್ಚಿದವು, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 13,800ಕ್ಕೂ ಹೆಚ್ಚು.

ಅಂಜಾರಿನಲ್ಲಿ ಶಾಲಾಮಕ್ಕಳ ಗಣರಾಜ್ಯೋತ್ಸವದ ಮೆರವಣಿಗೆ ಇಕ್ಕಟ್ಟಾದ ಓಣಿಯೊಂದನ್ನು ಹಾಯುತ್ತಿತ್ತು. ಎರಡೂ ಬದಿಯ ಮನೆಗಳು ಅವರ ಮೇಲೆ ಬಿದ್ದವು. ಮಕ್ಕಳೂ ಶಿಕ್ಷಕರೂ ಸೇರಿ ಇನ್ನೂರರಷ್ಟು ಜನ ಅಲ್ಲೇ ಹೋದರು. 2022ರಲ್ಲಿ ಅವರ ಹೆಸರಿನ ವೀರ ಬಾಲಕ ಸ್ಮಾರಕ ಅಲ್ಲಿ ಆಯಿತು. ಭಾರತದಲ್ಲಿ ವಿಪತ್ತು ಎಂದರೆ ಪರಿಹಾರದ ಚೆಕ್ಕು ಎಂಬ ಮನೋಭಾವ ಸಡಿಲವಾಗಿ, ಮುಂಚಿತ ಸಿದ್ಧತೆಗೆಂದೇ ಪ್ರಾಧಿಕಾರ ಬೇಕೆಂಬ ಮಾತಿಗೆ ಬಲ ಬಂದದ್ದು ಈ ಭೂಕಂಪದ ನಂತರ. ಗುಜರಾತ್ ತನ್ನ ಪ್ರಾಧಿಕಾರವನ್ನು ಆ ವರ್ಷವೇ ಕಟ್ಟಿತು. ಹಿಂದೂ ಮಹಾಸಾಗರದ ಸುನಾಮಿಯ ಪೆಟ್ಟೂ ಬಿದ್ದ ಮೇಲೆ, 2005ರಲ್ಲಿ ರಾಷ್ಟ್ರಮಟ್ಟದ ವಿಪತ್ತು ನಿರ್ವಹಣಾ ಕಾಯ್ದೆ ಬಂತು.

ಮೈಸೂರಿನ ಇಬ್ಬರು

ಈ ದಿನ ತೀರಿಕೊಂಡವರಲ್ಲಿ ಇಬ್ಬರನ್ನು ಮೈಸೂರು ಮರೆಯಬಾರದು. ಒಬ್ಬರು ಮೈಸೂರನ್ನು ಕಣ್ಣಾರೆ ಕಂಡವರಲ್ಲ. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಸತ್ತದ್ದು 1823ರ ಜನವರಿ 26ರಂದು. ಆತನ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದಿದೆ. ಅದರಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವರು, ಒಬ್ಬ ರಾಣಿ ಸೆರಗು ಸರಿಸಿ ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸುತ್ತಾರೆ. ಅದು ನಿಜವಾದರೆ, ಜನ ಹೆದರುತ್ತಿದ್ದ ಹೊಸ ಔಷಧಿಗೆ ನಮ್ಮ ಅರಮನೆಯ ಹೆಣ್ಣುಮಕ್ಕಳು ಮಾಡಿದ ಪ್ರಚಾರವದು.

ಇನ್ನೊಬ್ಬರು ಅಪ್ಪಟ ಮೈಸೂರಿನವರು. 1921ರಲ್ಲಿ ಅಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ‘ಕೊರವಂಜಿ’ಗೆ ಚಿತ್ರ ಬರೆದು ಕೈ ಪಳಗಿಸಿಕೊಂಡು ಮುಂಬಯಿಗೆ ಹೋದ ಆರ್.ಕೆ. ಲಕ್ಷ್ಮಣ್. ಚೌಕುಳಿ ಕೋಟಿನ ಅವರ ಶ್ರೀಸಾಮಾನ್ಯ ದಶಕಗಳ ಕಾಲ ಗಣರಾಜ್ಯದ ಎಲ್ಲ ಸಂಭ್ರಮ, ಎಲ್ಲ ಸುಳ್ಳುಗಳ ನಡುವೆ ಬಾಯಿ ಬಿಡದೆ ನಿಂತ. ಲಕ್ಷ್ಮಣ್ ಪುಣೆಯಲ್ಲಿ ತೀರಿಕೊಂಡದ್ದು 2015ರ ಜನವರಿ 26ರಂದು, ದೆಹಲಿಯಲ್ಲಿ ಒಬಾಮಾ ಪೆರೇಡ್ ನೋಡಿದ ದಿನ.

1926ರ ಜನವರಿ 26ರಂದು ಲಂಡನ್ನಿನ ಸೊಹೋದಲ್ಲಿ ಜಾನ್ ಲೋಗಿ ಬೇರ್ಡ್ ಕೆಲವು ವಿಜ್ಞಾನಿಗಳೆದುರು ಟೆಲಿವಿಷನ್ ತೋರಿಸಿದ್ದು, 1905ರ ಅದೇ ದಿನ ದಕ್ಷಿಣ ಆಫ್ರಿಕಾದಲ್ಲಿ 3,106 ಕ್ಯಾರಟ್ಟಿನ ಕಲಿನನ್ ವಜ್ರ ಸಿಕ್ಕಿದ್ದು ಇವೆಲ್ಲ ಕ್ವಿಜ್ ಪುಸ್ತಕದವರಿಗೆ ಇರಲಿ.

ಓದುಗರಲ್ಲಿ ಕೇಳಿಕೊಳ್ಳುವುದು ಬೇರೆ ಇದೆ. 1930ರ ಆ ಭಾನುವಾರ ನಿಮ್ಮ ಊರಿನಲ್ಲೋ ಪಕ್ಕದ ಪೇಟೆಯಲ್ಲೋ ಪ್ರತಿಜ್ಞೆ ಓದಿದವರು, ಕೈಯೆತ್ತಿದವರು, ಅದಕ್ಕಾಗಿ ಪೊಲೀಸರ ಲಾಠಿ ತಿಂದವರು ಇದ್ದಿರಬಹುದು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಮಕ್ಕಳಿಗೆ ಈಗ ಎಂಬತ್ತು ದಾಟಿದೆ. ಮನೆಯಲ್ಲಿ ಅಂಥ ಒಂದು ನೆನಪು, ಒಂದು ಫೋಟೊ, ಜೈಲಿನ ಒಂದು ಚೀಟಿ ಇದ್ದರೆ ಈ ಜನವರಿ 26ರ ರಜೆಯಲ್ಲಿ ಕೂತು ಹೆಸರು, ಊರು, ಇಸವಿ ಸಮೇತ ಬರೆದಿಡಿ. ಹತ್ತಿರದ ಗ್ರಂಥಾಲಯಕ್ಕೋ ಶಾಲೆಗೋ ಒಂದು ಪ್ರತಿ ಕೊಡಿ.